ಅರ್ಧ ಬೆಲೆಯ ಹಾಲಿನ ಮೊಸರು

ನನಗೆ ಮೂಗಿನ ಮೇಲೇ ಕೋಪ ಎಂದು ಚಿಕ್ಕಂದಿನಿಂದ ಎಲ್ಲರೂ ಹೇಳುತ್ತ ಬಂದಿದ್ದಾರೆ. ಹೇಳಲಿ. ಅಂಥ ಕೋಪ ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ಇದು ಹಾಗಲ್ಲ. ಹೋದ ಸಂಕ್ರಾಂತಿಯಲ್ಲಿ ಹತ್ತಿಕೊಂಡದ್ದು ಇನ್ನೂ ಆರಿಲ್ಲ. ಎಂಟು ಲೀಟರ್ ಹಾಲು, ನಲವತ್ತು ಜನರ ಮೊಸರನ್ನ, ನನ್ನ ಗಂಡ ಬರೆದ ಒಂದೂವರೆ ಸಾಲಿನ ಮೆಸೇಜು. ಇಷ್ಟೇ ಅದರ ಕಥೆ.

ನಾವಿರುವುದು ಜಪಾನಿನ ತ್ಸುಕುಬಾದಲ್ಲಿ. ಗಂಡ ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದಾನೆ. ಅವನು ಬಂದು ಏಳು ವರ್ಷ, ನಾನೂ ಮಗಳೂ ಬಂದು ನಾಲ್ಕು. ಎಂ.ಎಸ್ಸಿ.ಯಲ್ಲಿ ಇಬ್ಬರೂ ಒಂದೇ ಬ್ಯಾಚು. ಪ್ರಾಕ್ಟಿಕಲ್ ರೆಕಾರ್ಡನ್ನು ಅವನು ನನ್ನದು ನೋಡಿಯೇ ಬರೆಯುತ್ತಿದ್ದ. ಇಲ್ಲಿಗೆ ಬರುವ ಮುಂಚೆ ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಆರು ವರ್ಷ ಆಹಾರದ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದ್ದೆ. ಹಾಲು ಯಾಕೆ ಒಡೆಯುತ್ತದೆ, ಅನ್ನ ಯಾವಾಗ ಹಳಸುತ್ತದೆ, ಯಾವ ಶಾಖದಲ್ಲಿ ಯಾವ ಕ್ರಿಮಿ ಸಾಯುತ್ತದೆ, ಇದನ್ನೇ ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದವಳು ನಾನು. ಇಲ್ಲಿ ನನ್ನ ವೀಸಾದಲ್ಲಿ ಬರೆದಿರುವುದು ಅವಲಂಬಿ ಎಂದು. ಅದನ್ನು ಓದಿದಾಗಲೆಲ್ಲ ಮೈ ಉರಿಯುತ್ತದೆ, ಆದರೆ ಅದು ಬೇರೆ ವಿಷಯ.

ಮಗಳನ್ನು ಸ್ಕೂಲಿಗೆ ಕಳಿಸಿ ಹತ್ತು ಗಂಟೆಗೆ ಸೈಕಲ್ ಹತ್ತಿದರೆ ಸೂಪರ್‌ಮಾರ್ಕೆಟ್ಟು ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ತಲುಪುತ್ತೇನೆ. ಒಳಗೆ ಹೋಗಿ ನೇರ ಹಿಂದಕ್ಕೆ, ಗೋಡೌನಿನ ಬಾಗಿಲ ಪಕ್ಕಕ್ಕೆ. ಅಲ್ಲೊಂದು ಚಿಕ್ಕ ಕಪಾಟಿದೆ. ತಾರೀಖು ಹತ್ತಿರ ಬಂದದ್ದು, ಮೂತಿ ಸೊಟ್ಟಗಾದದ್ದು, ಚುಕ್ಕೆ ಬಿದ್ದ ಬಾಳೆಹಣ್ಣು, ಹಿಂದಿನ ದಿನದ ಬೆಂಡೆಕಾಯಿ ಎಲ್ಲ ಅಲ್ಲಿಗೆ ಬರುತ್ತವೆ. ಇಪ್ಪತ್ತು ಪರ್ಸೆಂಟಿನ ಸ್ಟಿಕರು, ಆಮೇಲೆ ಮೂವತ್ತು, ಕೊನೆಗೆ ಅರ್ಧ ಬೆಲೆಯ ಹಳದಿ ಸ್ಟಿಕರು. ಅಂಟಿಸುವ ಹೆಂಗಸಿಗೆ ನನ್ನ ಪರಿಚಯ ಚೆನ್ನಾಗಿದೆ. ನಾನು ಸುಮಿಮಾಸೆನ್, ಅಂದರೆ ಕ್ಷಮಿಸಿ, ಅನ್ನುವ ಮುಂಚೆಯೇ ಅವಳು ಪಕ್ಕಕ್ಕೆ ಸರಿದು ಜಾಗ ಬಿಡುತ್ತಾಳೆ.

ಇದನ್ನು ಜಿಪುಣತನ ಅನ್ನುವವರು ಅನ್ನಲಿ. ಗಂಡನದು ವರ್ಷ ವರ್ಷಕ್ಕೆ ಮುಂದುವರಿಸುವ ಗುತ್ತಿಗೆ ಕೆಲಸ. ಪ್ರತಿ ಮಾರ್ಚಿನಲ್ಲೂ ಮುಂದಿನ ವರ್ಷ ಇರುತ್ತೇವೋ ಗಂಟುಮೂಟೆ ಕಟ್ಟುತ್ತೇವೋ ಎಂದು ಕಾಯುವ ಮನೆಯಲ್ಲಿ ಕೈ ಹಿಡಿದು ಖರ್ಚು ಮಾಡಲೇಬೇಕು. ಆದರೆ ಆ ಚಿಂತೆ ಇಲ್ಲದಿದ್ದರೂ ನಾನು ಇದನ್ನೇ ಮಾಡುತ್ತಿದ್ದೆ. ಚೆನ್ನಾಗಿರುವ ಪದಾರ್ಥವನ್ನು ತಾರೀಖು ನೋಡಿ ಕಸಕ್ಕೆ ಎಸೆಯುವುದನ್ನು ಕಂಡರೆ ನನಗಾಗುವುದಿಲ್ಲ. ತುಮಕೂರಿನಲ್ಲಿ ಅಮ್ಮ ಸಂಜೆ ಮಾರ್ಕೆಟ್ಟು ಮುಗಿಯುವ ಹೊತ್ತಿಗೆ ಹೋಗಿ ಗುಡ್ಡೆ ಲೆಕ್ಕದಲ್ಲಿ ಟೊಮೆಟೊ ತರುತ್ತಿದ್ದಳು. ಅದನ್ನು ಯಾರೂ ನಾಚಿಕೆಯ ವಿಷಯ ಎಂದುಕೊಂಡಿರಲಿಲ್ಲ. ಇಲ್ಲಂತೂ ಅಂಗಡಿಯವರೇ ಕಪಾಟಿಗೆ ಚೀಟಿ ಅಂಟಿಸಿರುತ್ತಾರೆ: ಇವತ್ತೇ ತಿನ್ನುವುದಾದರೆ ಮುಂದಿರುವ ಹತ್ತಿರದ ತಾರೀಖಿನದನ್ನೇ ತೆಗೆದುಕೊಳ್ಳಿ ಎಂದು. ಒಂಬತ್ತು ವರ್ಷದ ನನ್ನ ಮಗಳಿಗೆ ಸ್ಕೂಲಿನಲ್ಲಿ ಇದನ್ನು ಪಾಠದ ಹಾಗೆ ಹೇಳಿಕೊಟ್ಟಿದ್ದಾರೆ. ನಮ್ಮವರು ಮಾತ್ರ ಹಾಲಿನ ಕಪಾಟಿನೊಳಗೆ ಭುಜದವರೆಗೆ ಕೈ ತೂರಿಸಿ ಕಟ್ಟಕಡೆಯ ಪ್ಯಾಕೆಟ್ಟನ್ನೇ ಎಳೆಯುತ್ತಾರೆ. ದೂರದಿಂದ ಆ ಮೊಣಕೈ ನೋಡಿಯೇ ಯಾರೋ ನಮ್ಮ ಕಡೆಯವರು ಎಂದು ಹೇಳಬಹುದು.

ಜಪಾನಿನಲ್ಲಿ ತಾರೀಖಿನಲ್ಲಿ ಎರಡು ಜಾತಿ. ಒಂದು, ಇಷ್ಟರೊಳಗೆ ತಿಂದರೆ ರುಚಿ ಚೆನ್ನಾಗಿರುತ್ತದೆ ಎನ್ನುವುದು. ಇನ್ನೊಂದು, ಇದು ದಾಟಿದ ಮೇಲೆ ತಿನ್ನಬೇಡಿ ಎನ್ನುವುದು. ನಾನು ತರುವ ಹಾಲಿನ ಮೇಲಿರುವುದು ಮೊದಲನೆಯದು, ರುಚಿಯ ತಾರೀಖು. ಅದಕ್ಕೂ ಒಂದೋ ಎರಡೋ ದಿನ ಬಾಕಿ ಇರುತ್ತದೆ. ಅದನ್ನು ತಂದು ಉಕ್ಕುವವರೆಗೆ ಕಾಯಿಸಿ ಹೆಪ್ಪು ಹಾಕಿದರೆ ತಾರೀಖಿನ ಮಾತೇ ಮುಗಿಯಿತು. ಹಾಲು ಇನ್ನೊಂದು ದಿನ ತಡೆಯಲ್ಲ ಅನ್ನಿಸಿದಾಗ ಹೆಪ್ಪು ಹಾಕುವುದು ನಮ್ಮ ಯಾವ ಮನೆಯಲ್ಲಿ ಇರಲಿಲ್ಲ ಹೇಳಿ.

ಸಂಕ್ರಾಂತಿಯ ಭಾನುವಾರ ಇಲ್ಲಿನ ಕನ್ನಡ ಸಂಸಾರಗಳೆಲ್ಲ ಒಂದು ಸಮುದಾಯ ಭವನ ಹಿಡಿದು ಸೇರುವುದು ವಾಡಿಕೆ. ವಾಟ್ಸಾಪ್ ಗುಂಪಿನ ಅಡ್ಮಿನ್ ಒಬ್ಬ ಹೆಂಗಸು. ಯಾರು ಏನು ತರಬೇಕೆಂದು ಪಟ್ಟಿ ಹಾಕುವವಳು ಅವಳೇ. ನನ್ನ ಪಾಲಿಗೆ ಪ್ರತಿ ಸಲವೂ ಮೊಸರನ್ನ. ಅದು ಪುಕ್ಕಟೆ ಸಿಕ್ಕ ಪಾಲಲ್ಲ. ಈ ಚಳಿಯಲ್ಲಿ ಮೊಸರು ಹೆಪ್ಪುಗಟ್ಟುವುದಿಲ್ಲ ಎಂದು ಎಲ್ಲರೂ ಕೈಚೆಲ್ಲಿ ಕೂತಾಗ ನಾನು ಮಾಡಿ ತೋರಿಸಿದ್ದೆ. ಕೊತತ್ಸು ಎಂದು ಇಲ್ಲೊಂದು ಕುಳ್ಳ ಮೇಜು ಬರುತ್ತದೆ. ಕೆಳಗೆ ಸಣ್ಣ ಹೀಟರು, ಸುತ್ತ ರಜಾಯಿ. ಮನೆಯವರು ಕಾಲು ಚಾಚಿ ಕೂರುವ ಆ ಮೇಜಿನ ಕೆಳಗೆ ಪಾತ್ರೆ ಇಟ್ಟು, ಹೀಟರು ಸ್ವಲ್ಪ ಹೊತ್ತು ಹಾಕಿ ಆರಿಸಿ ರಜಾಯಿ ಮುಚ್ಚಿದರೆ ಆರೇಳು ಗಂಟೆಯಲ್ಲಿ ಚಾಕು ಹಾಕಿ ಕೊಯ್ಯುವಂಥ ಮೊಸರು.

ಹೊಸವರ್ಷದ ರಜೆಯಲ್ಲಿ ಸ್ಕೂಲುಗಳು ಮುಚ್ಚಿರುತ್ತವೆ, ಮಕ್ಕಳಿಗೆ ಕೊಡುವ ಹಾಲು ಮಿಗುತ್ತದೆ. ಆ ಸಲ ಹಬ್ಬದ ಮುನ್ನಾದಿನ ಹೋದರೆ ಹಿಂದಿನ ಕಪಾಟಿನಲ್ಲಿ ಹಾಲೋ ಹಾಲು. ಎಂಟು ಡಬ್ಬಿ ತೆಗೆದುಕೊಂಡೆ. ಬುಟ್ಟಿ ಎತ್ತುವಾಗ ಪಕ್ಕದ ಸಾಲಿನಿಂದ ಅಡ್ಮಿನ್ ಬಂದಳು. ನನ್ನ ಬುಟ್ಟಿಯ ಮೇಲೆ ಕಣ್ಣು ಹಾಯಿಸಿದಳು.

"ಓ, ಇಲ್ಲಿಂದ ತಗೋತೀರಾ ನೀವು? ನಾನು ಈ ಕಡೆ ಬರೋದೇ ಇಲ್ಲಪ್ಪ, ಮಕ್ಕಳಿರೋ ಮನೆ ಅಲ್ವಾ" ಎಂದು ನಕ್ಕಳು.

ನಾನೂ ನಕ್ಕೆ. ಯಾಕೆ ನಕ್ಕೆನೋ. ಅಲ್ಲೇ ನಾಲ್ಕು ಮಾತು ಆಡಬೇಕಿತ್ತು. ಬದಲಿಗೆ ಮನೆಗೆ ಬಂದು ಎಂಟೂ ಡಬ್ಬಿಯ ಹಳದಿ ಸ್ಟಿಕರನ್ನು ಉಗುರಿನಿಂದ ಕೆರೆದು ಕಿತ್ತು ಹಾಕಿದೆ. ಡಬ್ಬಿಗಳು ಭವನಕ್ಕೆ ಹೋಗುವುದೇ ಇಲ್ಲ, ಹೋಗುವುದು ಮೊಸರು ಮಾತ್ರ. ಆದರೂ ಕಿತ್ತೆ. ಈ ಒಂದು ಕೆಲಸಕ್ಕೆ ನನ್ನ ಮೇಲೇ ನನಗೆ ಸಿಟ್ಟಿದೆ.

ಭಾನುವಾರ ಮಧ್ಯಾಹ್ನ ಎಳ್ಳುಬೆಲ್ಲ ಆಯಿತು, ಪೊಂಗಲ್ ಆಯಿತು, ಮೊಸರನ್ನದ ಪಾತ್ರೆ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಅಡ್ಮಿನ್ ಕೂಡ ಎರಡು ಸೌಟು ಹಾಕಿಸಿಕೊಂಡಳು, ನಾನೇ ಬಡಿಸಿದ್ದು. ನಾಲ್ಕೈದು ಜನ ಬಂದು ಹೆಪ್ಪು ಕೇಳಿದರು. ಮನೆಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಸಂಜೆ ಏಳರ ಹೊತ್ತಿಗೆ ಮಗಳಿಗೆ ತಲೆಗೆ ನೀರು ಹಾಕುತ್ತಿದ್ದೆ. ಹೊರಗೆ ಗಂಡನ ಫೋನು ಟಿಣ್ ಟಿಣ್ ಅನ್ನುತ್ತಲೇ ಇತ್ತು. ಅವಳ ತಲೆ ಒರೆಸಿ ಈಚೆ ಬಂದು ನನ್ನ ಫೋನು ನೋಡಿದರೆ ಗುಂಪಿನಲ್ಲಿ ಮೆಸೇಜುಗಳ ಸಾಲೇ ಇದೆ. ಊಟಕ್ಕೆ ಬಂದಿದ್ದ ಒಂದು ಮನೆಯ ನಾಲ್ಕು ವರ್ಷದ ಹೆಣ್ಣುಮಗುವಿಗೆ ವಾಂತಿ ಶುರುವಾಗಿದೆ. ಮಗುವಿನ ತಾಯಿ ಬರೆದದ್ದು ಅಷ್ಟೇ. ಅದರ ಕೆಳಗೆ ಅಡ್ಮಿನ್: "ಮೊಸರನ್ನ ತಿಂದವರು ಎಲ್ಲಾ ಹುಷಾರಾಗಿದೀರಾ? ಯಾರನ್ನೂ ಬ್ಲೇಮ್ ಮಾಡ್ತಿಲ್ಲ. ಆದ್ರೆ ಹಾಲು ಡಿಸ್ಕೌಂಟ್ ಸೆಕ್ಷನ್‌ದು ಅಂತ ನಂಗೆ ಗೊತ್ತಿತ್ತು, ಹೇಳಬೇಕಿತ್ತೇನೋ."

ಅದರ ಕೆಳಗೆ ನನ್ನ ಗಂಡ: "ನಮ್ಮ ಕಡೆಯಿಂದ ಇಂಥ ತೊಂದರೆ ಆಗಿದ್ದಕ್ಕೆ ವೆರಿ ವೆರಿ ಸಾರಿ. ದಯವಿಟ್ಟು ಎಲ್ಲರೂ ಕ್ಷಮಿಸಿ."

ಅದರ ಕೆಳಗೆ ಕ್ಷಮೆಯ ಸುರಿಮಳೆ. ಪರವಾಗಿಲ್ಲ ಸಾರ್. ಆಗುತ್ತೆ ಬಿಡಿ, ಬೇಕಂತ ಯಾರೂ ಮಾಡಲ್ಲ. ಇನ್ಮೇಲೆ ಹುಷಾರಾಗಿರಿ ಸಾಕು. ಒಬ್ಬಳು ಹೃದಯದ ಚಿತ್ರ ಬೇರೆ ಹಾಕಿದ್ದಳು.

ಅಂಗಾಲಿನ ಉರಿ ನೆತ್ತಿಗೇರಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇವರು ನನ್ನನ್ನು ಕ್ಷಮಿಸಿಬಿಟ್ಟಿದ್ದರು! ಮಾಡದ ತಪ್ಪಿಗೆ, ನಾನು ಬಚ್ಚಲಲ್ಲಿದ್ದಾಗ, ನನ್ನನ್ನು ಒಂದು ಮಾತೂ ಕೇಳದೆ.

"ಏನಿದು?" ಎಂದು ಫೋನನ್ನು ಅವನ ಮುಖಕ್ಕೆ ಹಿಡಿದೆ.

"ಅದೇನೂ ಇಲ್ಲ ಕಣೇ. ಫಸ್ಟು ಸಾರಿ ಹೇಳ್ಬಿಟ್ರೆ ಮ್ಯಾಟರ್ ಅಲ್ಲಿಗೇ ಮುಗಿಯುತ್ತೆ. ಲ್ಯಾಬಲ್ಲಿ ನಾವು ದಿನಾ ಮಾಡೋದು ಅದೇ. ಮೆಷೀನ್ ಕೆಟ್ರೂ ಸುಮಿಮಾಸೆನ್, ಟ್ರೈನ್ ಲೇಟಾದ್ರೂ ಸುಮಿಮಾಸೆನ್. ತಪ್ಪು ಒಪ್ಕೊಂಡೆ ಅಂತಲ್ಲ ಅದು."

"ಆ ಗ್ರೂಪಲ್ಲಿರೋರು ನಿನ್ನ ಲ್ಯಾಬಿನ ಜಪಾನಿನೋರಲ್ಲ ಕಣೋ, ಮಂಡ್ಯ ಮೈಸೂರಿನೋರು! ಸಾರಿ ಅಂದ್ರೆ ನಮ್ಮೋರಿಗೆ ಏನರ್ಥ ಅಂತ ನಿಂಗೊತ್ತಿಲ್ವಾ?"

ಗೊತ್ತಿಲ್ಲದೆ ಏನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯ ಊರಿನಿಂದ ಬಂದವನೇ ಅವನು. ಏಳು ವರ್ಷ ಜಪಾನಿನಲ್ಲಿ ಬೆನ್ನು ಬಗ್ಗಿಸಿ ಬಗ್ಗಿಸಿ ಅದನ್ನು ಮರೆತಿದ್ದಾನೆ ಎಂದುಕೊಂಡೆ. ಇಲ್ಲಿನವರ ನಡುವೆ ಆ ಮಾತಿಗೆ ಒಂದು ಬೆಲೆ ಇದೆ. ಒಬ್ಬ ಬಗ್ಗಿದರೆ ಎದುರಿನವನೂ ಬಗ್ಗಿ, ಇಲ್ಲ ಇಲ್ಲ, ನಮ್ಮದೇ ತಪ್ಪು ಎನ್ನುತ್ತಾನೆ. ನಮ್ಮಲ್ಲಿ ಬಗ್ಗಿದವನ ಬೆನ್ನಿನ ಮೇಲೆ ಇನ್ನೊಬ್ಬ ಹತ್ತಿ ಕೂರುತ್ತಾನೆ.

ಗುಂಪಿಗೆ ಉತ್ತರ ಬರೆಯಲು ಕೂತೆ. ಹಾಲನ್ನು ಎಷ್ಟು ಹೊತ್ತು ಕಾಯಿಸಿದೆ, ತಾರೀಖು ಎಂದರೇನು, ಕೆಟ್ಟ ಮೊಸರು ತಿಂದಿದ್ದರೆ ನಲವತ್ತು ಜನರಲ್ಲಿ ಒಬ್ಬರಿಗೇ ಯಾಕೆ ಆಗುತ್ತಿತ್ತು ಎಂದು. ಗಂಡ ಕೈ ಹಿಡಿದುಕೊಂಡ. "ಈಗ ಬೇಡ ಕಣೇ. ಮಗೂಗೆ ಹುಷಾರಿಲ್ಲದಿರುವಾಗ ಜಗಳಕ್ಕೆ ಬಂದ್ಲು ಅಂತಾರೆ." ಆ ಮಾತು ಸರಿ ಅನ್ನಿಸಿತು. ಮಗುವಿನ ಮುಖ ನೆನಪಾಯಿತು. ಬರೆದದ್ದನ್ನೆಲ್ಲ ಅಳಿಸಿದೆ. ಮಾರನೆಯ ದಿನ ಆ ಮಗುವಿನ ತಾಯಿಗೆ ಫೋನು ಮಾಡಿ ವಿಚಾರಿಸಿದೆ. ಮಗು ಸುಧಾರಿಸಿಕೊಂಡಿತ್ತು. ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಎರಡು ಸೌಟು ತಿಂದ ಅಡ್ಮಿನ್ ಗುಂಡುಕಲ್ಲಿನ ಹಾಗಿದ್ದಳು.

ಮಾರ್ಚ್ ಬಂತು. ಗುತ್ತಿಗೆ ಮುಂದುವರಿಯಿತು. ಗುಂಪಿನಲ್ಲಿ ಯುಗಾದಿಯ ಪಟ್ಟಿ ಬಂತು. ಒಬ್ಬರಿಗೆ ಹೋಳಿಗೆ, ಒಬ್ಬರಿಗೆ ಪುಳಿಯೋಗರೆ, ಒಬ್ಬರಿಗೆ ಕೋಸಂಬರಿ. ಮೊಸರನ್ನ ಆ ಅಡ್ಮಿನ್‌ದೇ. ನನ್ನ ಹೆಸರನ್ನು ಹುಡುಕಿ ಹುಡುಕಿ ಕೊನೆಯಲ್ಲಿ ಕಂಡೆ: ಪೇಪರ್ ಪ್ಲೇಟು, ಟಿಶ್ಯೂ, ನೀರಿನ ಬಾಟಲಿ.

ಹೊರಗಿನವರಿಗೆ ಇದೇನು ದೊಡ್ಡ ವಿಷಯ ಅನ್ನಿಸಬಹುದು. ನಮ್ಮ ಗುಂಪಿನಲ್ಲಿ ಪೇಪರ್ ಪ್ಲೇಟು ಯಾರ ಪಾಲು ಗೊತ್ತೇ? ಅನ್ನಕ್ಕೆ ಎಷ್ಟು ನೀರಿಡಬೇಕೆಂದು ತಿಳಿಯದ, ಪಿಎಚ್‌ಡಿಗೆ ಬಂದ ಬ್ಯಾಚುಲರ್‌ಗಳ ಪಾಲು. ಆರು ವರ್ಷ ಆಹಾರದ ಪಾಠ ಮಾಡಿದವಳ ಕೈಯ ಅಡುಗೆಯನ್ನು ಇನ್ನು ನಂಬುವುದಿಲ್ಲ ಎಂದು ನಲವತ್ತು ಜನ ಸಹಿ ಹಾಕಿದ ಹಾಗಿತ್ತು ಆ ಪಟ್ಟಿ. ಪರಊರಿನಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಪಾತ್ರೆ. ಕೆಲಸ ಬಿಟ್ಟು ಬಂದಿದ್ದೆ, ವೀಸಾದಲ್ಲಿ ಅವಲಂಬಿ ಆಗಿದ್ದೆ, ಭಾಷೆ ಅರ್ಧಂಬರ್ಧ. ಆ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಾಗ ಮಾತ್ರ ನಾನು ಯಾರು ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು.

ಆ ವಾರವೇ ಲೈಬ್ರರಿಯ ಸೈಕಲ್ ಸ್ಟ್ಯಾಂಡಿನಲ್ಲಿ ಆ ಮಗುವಿನ ತಾಯಿ ಸಿಕ್ಕಳು. ಚಿಕ್ಕ ವಯಸ್ಸಿನವಳು, ಮೆದು ಮಾತು. ಪಟ್ಟಿ ನೋಡಿ ಅವಳಿಗೂ ಇರಿಸುಮುರಿಸಾಗಿತ್ತೆಂದು ಕಾಣುತ್ತದೆ.

"ಅಕ್ಕಾ, ನಿಮ್ಮ ಹತ್ರ ಒಂದು ಹೇಳ್ಬೇಕಿತ್ತು. ಅವತ್ತು ನನ್ನ ಮಗಳು ಮೊಸರನ್ನ ತಿಂದಿರ್ಲಿಲ್ಲ. ಅವಳು ಮೊಸರು ಮುಟ್ಟೋದೇ ಇಲ್ಲ. ಚಿಪ್ಸು, ಒಂಚೂರು ಪೊಂಗಲ್, ಅಷ್ಟೇ. ಡೇಕೇರಲ್ಲಿ ಹೊಟ್ಟೆ ವೈರಸ್ ಬಂದಿತ್ತು. ಶುಕ್ರವಾರಾನೇ ನೋಟಿಸ್ ಹಾಕಿದ್ರು."

ಸೈಕಲ್ಲಿಗೆ ಬೀಗ ಹಾಕುತ್ತಿದ್ದವಳು ತಿರುಗಿದೆ. "ಶುಕ್ರವಾರಾನೇ ಗೊತ್ತಿತ್ತಾ?"

"ಇವಳು ಚೆನ್ನಾಗೇ ಇದ್ಲು ಅಕ್ಕಾ, ಅದಕ್ಕೇ ಕರ್ಕೊಂಡು ಬಂದ್ವಿ."

"ಇದನ್ನ ಗ್ರೂಪಲ್ಲಿ ಬರೀಬೇಕಿತ್ತು ಅಲ್ವೇನಮ್ಮ?"

"ಬರೀಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ನಿಮ್ಮೆಜಮಾನ್ರೇ ಸಾರಿ ಕೇಳಿಬಿಟ್ರು. ಅವರೇ ಒಪ್ಕೊಂಡ ಮೇಲೆ ನಾವು ಮಧ್ಯೆ ಏನು ಹೇಳೋದು ಅಂತ..."

"ಈಗ ಬರಿ."

"ಅಯ್ಯೋ, ಈಗ್ಯಾಕೆ ಅಕ್ಕಾ, ಎಲ್ಲಾರೂ ಮರ್ತಿದಾರೆ. ಡೇಕೇರ್ ವಿಷ್ಯ ಹೇಳಿದ್ರೆ ನಮ್ಮನ್ನ ಬೈಯ್ತಾರೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎಮ್ಮೆಗೆ ಬರೆ ಬಿದ್ದ ಮೇಲೆ ಎತ್ತಿನವರು ಬಂದು, ನಮ್ಮ ಎತ್ತಿಗೆ ನೋವಾಗುತ್ತದೆ, ಸುಮ್ಮನಿರಿ ಎಂದರು ನೋಡಿ. ಅವಳಿಗೆ ಏನು ಹೇಳಿದೆನೋ ನೆನಪಿಲ್ಲ, ಒಳ್ಳೆಯ ಮಾತಂತೂ ಆಡಿರಲಾರೆ. ಸೈಕಲ್ ತುಳಿದುಕೊಂಡು ಮನೆಗೆ ಬಂದೆ. ಸಂಜೆಯವರೆಗೆ ಕಾದೆ. ಗಂಡ ಬಂದು ಶೂ ಬಿಚ್ಚುವಾಗಲೇ ಎಲ್ಲವನ್ನೂ ಹೇಳಿದೆ.

"ನೋಡಿದ್ಯಾ, ನಾನ್ ಹೇಳ್ಲಿಲ್ವಾ, ಏನೂ ಇಲ್ಲ ಅಂತ" ಎಂದ.

"ನೀನು ಹೇಳಿದ್ದು ಸಾರಿ ಅಂತ. ಈಗ ಅದನ್ನ ವಾಪಸ್ ತಗೋ. ಅವತ್ತು ನಾನು ಬರೆದದ್ದು ತಪ್ಪು, ನನ್ನ ಹೆಂಡ್ತಿ ತಪ್ಪಿರಲಿಲ್ಲ ಅಂತ ಗ್ರೂಪಲ್ಲಿ ಹಾಕು. ಎರಡು ಲೈನು."

ಅವನು ಎರಡನೇ ಶೂ ಬಿಚ್ಚಿದ, ಅವೆರಡನ್ನೂ ಜೋಡಿಸಿ ಬಾಗಿಲ ಕಡೆಗೆ ತಿರುಗಿಸಿಟ್ಟ. "ಎರಡು ತಿಂಗಳಾದ ಮೇಲೆ ಚೆನ್ನಾಗಿರಲ್ಲ ಕಣೇ."

"ಯಾರಿಗೆ ಚೆನ್ನಾಗಿರಲ್ಲ?"

"ಅಷ್ಟು ಧೈರ್ಯ ಇದ್ದೋಳು ಅವತ್ತು ಸ್ಟಿಕರ್ ಯಾಕೆ ಕಿತ್ತೆ? ನಾನು ನೋಡಿದೆ. ಸಿಂಕಲ್ಲಿ ಎಲ್ಲಾ ಬಿದ್ದಿತ್ತು."

ಆ ಏಟು ಸರಿಯಾಗಿಯೇ ಬಿತ್ತು. ಆಗ ಅವನೇ, ಮೆಲ್ಲಗೆ, ನನ್ನ ಕಡೆ ನೋಡದೆ ಹೇಳಿದ: "ಸ್ಟಿಕರ್ ಕಿತ್ತಿದಾಳಲ್ಲಾ, ಏನೋ ಇರ್ಬೇಕು ಅನ್ನಿಸ್ತು. ಅವತ್ತು ನಂಗೂ ಸ್ವಲ್ಪ ಡೌಟಿತ್ತು."

ಲ್ಯಾಬೂ ಅಲ್ಲ, ಸುಮಿಮಾಸೆನ್ನೂ ಅಲ್ಲ. ಜಪಾನಿನ ಮರ್ಯಾದೆಯೂ ಅಲ್ಲ. ಇವನು ನಿಜವಾಗಿಯೇ ಕ್ಷಮೆ ಕೇಳಿದ್ದ. ನಾಲ್ಕು ವರ್ಷ ನಾನು ತಂದ ಹಾಲು, ನಾನು ಮಾಡಿದ ಮೊಸರು, ಆ ಕಪಾಟಿನ ಬೆಂಡೆಕಾಯಿ ಪಲ್ಯವನ್ನು ತಟ್ಟೆ ನೆಕ್ಕಿ ಉಂಡವನು. ಊರಿಗೆ ಫೋನು ಮಾಡಿದಾಗ, ನನ್ನ ಹೆಂಡ್ತಿ ಅರ್ಧ ರೇಟಲ್ಲಿ ಸಂಸಾರ ಮಾಡ್ತಾಳೆ ಎಂದು ಹೆಮ್ಮೆಯಿಂದ ಹೇಳಿಕೊಂಡವನು. ಗುಂಪಿನವರು ಅನುಮಾನ ಪಟ್ಟರೆ ಪಡಲಿ, ಅವರು ನನ್ನ ಪಾಠ ಕೇಳಿದವರಲ್ಲ. ಮನೆಯೊಳಗಿನವನೇ ಪಟ್ಟರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಗುಂಪಿಗೆ ನಾನೇ ಬರೆದೆ. "ಸಂಕ್ರಾಂತಿಗೆ ನಾನು ತಂದದ್ದು ಅರ್ಧ ಬೆಲೆಯ ಹಾಲಿನ ಮೊಸರು. ಮನೆಯಲ್ಲಿ ದಿನವೂ ಅದನ್ನೇ ತಿನ್ನುತ್ತೇವೆ. ಹಾಲು ಕೆಟ್ಟಿರಲಿಲ್ಲ. ಹುಷಾರು ತಪ್ಪಿದ ಮಗು ಅದನ್ನು ತಿಂದಿರಲೂ ಇಲ್ಲ. ಅವತ್ತು ಇಲ್ಲಿ ಕ್ಷಮೆ ಕೇಳಿದವರು ಹೆಪ್ಪು ಹಾಕಿದವರಲ್ಲ. ಹೆಪ್ಪು ಹಾಕಿದವಳು ಯಾರ ಕ್ಷಮೆಯನ್ನೂ ಕೇಳಿಲ್ಲ, ಕೇಳುವುದೂ ಇಲ್ಲ." ಡೇಕೇರಿನ ಮಾತು ಎತ್ತಲಿಲ್ಲ. ಅಷ್ಟು ಮಟ್ಟಿಗೆ ಆ ಮಗುವಿನ ತಾಯಿಯ ಮೇಲೆ ದಯೆ ತೋರಿಸಿದೆ, ಅದು ಅವಳಿಗೆ ಗೊತ್ತಾಯಿತೋ ಇಲ್ಲವೋ. ಎಲ್ಲರೂ ಓದಿದ ಗುರುತು ಬಂತು. ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು. ಅಡ್ಮಿನ್, "ಗ್ರೂಪಲ್ಲಿ ಪರ್ಸನಲ್ ವಿಷ್ಯ ಬೇಡ ಪ್ಲೀಸ್" ಎಂದು ಬರೆದು, ಅದರ ಕೆಳಗೆ ಯುಗಾದಿಯ ಹಾಲ್ ಎಷ್ಟು ಗಂಟೆಗೆ ತೆಗೆಯುತ್ತಾರೆಂದು ಹಾಕಿದಳು. ಯುಗಾದಿಗೆ ನಾನು ಹೋಗಲಿಲ್ಲ. ಪೇಪರ್ ಪ್ಲೇಟನ್ನು ಗಂಡನ ಕೈಯಲ್ಲಿ ಕಳಿಸಿದೆ.

ಅಂದಿನಿಂದ ನಮ್ಮ ಫ್ರಿಜ್ಜಿನಲ್ಲಿ ಎರಡು ಡಬ್ಬಿ ಮೊಸರು ಇರುತ್ತದೆ. ಒಂದು ನನಗೂ ಮಗಳಿಗೂ. ಇನ್ನೊಂದು ಅವನಿಗೆ, ಪೂರ್ತಿ ಬೆಲೆಯ ಹಾಲಿನದು. ಹೆಪ್ಪು ಒಂದೇ, ಪಾತ್ರೆ ಬೇರೆ. ಅವನಿಗೆ ನಾನೇನೂ ವಿವರಿಸಲಿಲ್ಲ. ಮೊದಲ ದಿನ ಎರಡನ್ನೂ ಮೇಜಿನ ಮೇಲಿಟ್ಟು ಅವನದನ್ನು ಅವನ ಕಡೆಗೆ ಸರಿಸಿದೆ, ಅವನಿಗೆ ತಿಳಿಯಿತು. ಖರ್ಚು ಹೆಚ್ಚಾಗುತ್ತದೆ, ಆಗಲಿ. ಇದೊಂದು ದಂಡವನ್ನು ಸಂತೋಷದಿಂದ ಕಟ್ಟುತ್ತೇನೆ.

ಮೊನ್ನೆ ಮೂವರೂ ಊಟಕ್ಕೆ ಕೂತಿದ್ದೆವು. ಮಗಳ ಅನ್ನಕ್ಕೆ ನಮ್ಮ ಡಬ್ಬಿಯಿಂದ ಮೊಸರು ಹಾಕುತ್ತಿದ್ದೆ. ಅವನು ತಟ್ಟೆಯನ್ನು ಮುಂದೆ ಚಾಚಿದ.

"ನಂಗೂ ಅದನ್ನೇ ಹಾಕೇ."

"ಡೌಟ್ ಇರೋರಿಗೆ ನಾನು ಬಡ್ಸಲ್ಲ."

"ಈಗ ಡೌಟಿಲ್ಲ ಕಣೇ, ನಿಜವಾಗ್ಲೂ."

"ಯಾವಾಗಿಂದ ಇಲ್ಲ?"

ಅವನು ಸುಳ್ಳು ಹೇಳುವವನಲ್ಲ. ಸ್ವಲ್ಪ ಯೋಚಿಸಿ, "ಆ ಮಗು ಮೊಸರು ತಿಂದಿರಲಿಲ್ಲ ಅಂತ ಗೊತ್ತಾಯ್ತಲ್ಲ, ಆವತ್ತಿಂದ" ಎಂದ.

ನನ್ನ ಮೇಲಿನ ನಂಬಿಕೆಯಿಂದ ಅಲ್ಲ, ಸಾಕ್ಷಿ ಸಿಕ್ಕಿದ ಮೇಲೆ. ಅವನ ಡಬ್ಬಿಯ ಮುಚ್ಚಳ ತೆಗೆದು, ಚಮಚ ಹಾಕಿ, ಅವನ ಮುಂದಿಟ್ಟೆ.